ಕೊನೆಯವನೇ ಗೇಟು ಹಾಕಬೇಕು

ನಮ್ಮಣ್ಣ ಎಮ್ಲಿನ್ ಮೂವತ್ತನಾಲ್ಕು ವರ್ಷ ಅಬರ್‌ಹೆಲಿಯ ಸುತ್ತಮುತ್ತ ಟಪಾಲು ಹಂಚಿದವನು. ಒಂದೊಂದು ಮನೆಗೂ ಎರಡೆರಡು ಗೇಟು ದಾಟಿ ಹೋಗಬೇಕಾದ ಊರು ನಮ್ಮದು. ಮಳೆಯಲ್ಲಿ, ಗಾಳಿಯಲ್ಲಿ, ಕೈಯಲ್ಲಿ ಪೊಟ್ಟಣ ತುಂಬಿದ್ದಾಗಲೂ ಅವನು ಗೇಟು ಹಾಕದೆ ಬಂದವನಲ್ಲ. ಜೀವಮಾನದಲ್ಲಿ ಅವನು ತೆರೆದಿಟ್ಟು ಬಂದದ್ದು ಒಂದೇ ಒಂದು ಗೇಟು. ಅದರ ಸುದ್ದಿ ಎತ್ತಲು ನನಗೆ ನಾಚಿಕೆ. ಅದರಲ್ಲಿ ನನ್ನ ಪಾಲೂ ಇದೆ.

ಪೆಂಬ್ರೋಕ್ ಕರಾವಳಿಯ ರಾಷ್ಟ್ರೀಯ ಉದ್ಯಾನದ ಕಾಲುದಾರಿ ನಮ್ಮ ಹಿತ್ತಲಿಗೇ ತಾಗಿಕೊಂಡಿದೆ. ಎಡಕ್ಕೆ ಹೊಲ, ಬಲಕ್ಕೆ ನೂರಡಿ ಕೆಳಗೆ ಸಮುದ್ರ. ಎಮ್ಲಿನ್ ಹದಿನಾಲ್ಕನೇ ವಯಸ್ಸಿನಿಂದ ಅಲ್ಲಿ ಓಡುತ್ತಿದ್ದ. ಕಡ್ಡಿಯಂಥ ಕಾಲು, ದೊಡ್ಡ ಬಾಯಿ. ಬಂಡೆದಾರಿಯ ಓಟವನ್ನು ಐದು ಸಲ ಗೆದ್ದಿದ್ದ. ಬಹುಮಾನವಾಗಿ ಬಂದ ಆ ಐದು ಬಟ್ಟಲುಗಳನ್ನು ಒರೆಸಿ ಒರೆಸಿ ನನಗೇ ಸಾಕಾಗಿದೆ. ಹೆಂಡತಿ ತೀರಿಕೊಂಡ ಮೇಲೆ ಅವನು ನನ್ನ ಜೊತೆಯಲ್ಲೇ ಇದ್ದಾನೆ.

ಗುರುವಾರ ಸಂಜೆ ಊರಿನವರೆಲ್ಲ ಗುಂಪಾಗಿ ಓಡುತ್ತೇವೆ. ಓಡುತ್ತಾರೆ ಅನ್ನಬೇಕು, ನನ್ನ ಕೆಲಸ ಕಡಲತೀರದಲ್ಲಿ ಕಾರಿನ ಡಿಕ್ಕಿ ತೆರೆದು ಟೀ ಬಗ್ಗಿಸುವುದು, ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಕೊಯ್ದಿಡುವುದು. ಓಟಕ್ಕೆ ಒಂದೇ ಕಟ್ಟಳೆ. ಮೊದಲು ಬಂದವರು ಗೇಟು ತೆರೆಯಬೇಕು, ಕೊನೆಯವರು ಹಾಕಬೇಕು. ಹಾಕಿದ ಮೇಲೆ "ಹಾಕಿದೆ!" ಎಂದು ಗಟ್ಟಿಯಾಗಿ ಕೂಗಬೇಕು. ಮುಂದಿದ್ದವರಿಗೆ ಅದು ಕೇಳಿದರೆ ಹಿಂದೆ ತಿರುಗಿ ನೋಡುವ ಗೋಜಿಲ್ಲ.

ಹನ್ನೊಂದು ವರ್ಷದಿಂದ ಆ ಕೂಗು ನೆರಿಸಳದು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ದುಂಡು ಹೆಂಗಸು. ನಿಧಾನ, ಆದರೆ ಒಂದು ವಾರವೂ ತಪ್ಪಿಸಿದವಳಲ್ಲ. ನಮ್ಮಲ್ಲಿ ಕಸುಬಿನ ಹೆಸರು ಮನುಷ್ಯನಿಗೆ ಅಂಟಿಕೊಳ್ಳುತ್ತದೆ. ನಮ್ಮಣ್ಣ ಎಮ್ಲಿನ್ ಪೋಸ್ಟ್, ಅವಳು ನೆರಿಸ್ ಗೇಟ್.

"ಏನಮ್ಮಾ ಗೇಟ್, ನೀನು ಬರೋ ಹೊತ್ತಿಗೆ ಟೀ ತಣ್ಣಗಾಗಿ, ಹಾಲು ಒಡೆದು, ಹಸು ಮತ್ತೆ ಕರು ಹಾಕಿರತ್ತೆ!" ಎಂದು ಎಮ್ಲಿನ್ ಪ್ರತಿ ವಾರ ಛೇಡಿಸುತ್ತಿದ್ದ.

"ನೀನು ಮುಂದೆ ಓಡಿ ಏನು ಕಡಿದು ಗುಡ್ಡೆ ಹಾಕ್ದೆ? ಬ್ರೆಡ್ಡಿನ ತುದಿ ತಿಂದೆ ಅಷ್ಟೇ," ಎನ್ನುತ್ತಿದ್ದಳು ಅವಳು.

ಅರವತ್ತು ದಾಟಿದ ಮೇಲೆ ಎಮ್ಲಿನ್‌ನ ಮಂಡಿ ಕೈಕೊಟ್ಟಿತು. ಮೊದಲು ಗುಂಪಿನ ನಡುವಿಗೆ ಬಂದ, ಆಮೇಲೆ ಬಾಲಕ್ಕೆ. ಶೂ ಸರಿಯಿಲ್ಲ ಅಂದ, ಕೆಸರು ಅಂದ, ಗಾಳಿ ಎದುರಿದೆ ಅಂದ. ಕುಣಿಯಲಾರದವನಿಗೆ ನೆಲ ಡೊಂಕು. ಆದರೂ ಅವನ ಹಿಂದೆ ನೆರಿಸ್ ಇದ್ದಳಲ್ಲ, ಅದೊಂದು ಸಮಾಧಾನ.

ಮೇ ತಿಂಗಳ ಆ ಗುರುವಾರ, ತೊರೆ ದಾಟಿದ ಮೇಲಿನ ಮೆಟ್ಟಿಲ ಹತ್ತಿರ ನೆರಿಸ್ ಅವನನ್ನು ಹಿಂದೆ ಹಾಕಿದಳು. ಅವನು ಬಗ್ಗಿ ಶೂ ದಾರ ಕಟ್ಟುವವನ ಹಾಗೆ ನಟಿಸಿದ. ಅಲ್ಲಿಂದ ಮುಂದೆ ಹೆವಿನ್‌ನ ಹೊಲ. ಬಂಡೆಯಂಚಿನ ದಾರಿ ಕುಸಿದ ವರ್ಷದಿಂದ ಹೆವಿನ್ ತನ್ನ ಕುರಿಹೊಲದ ಮೂಲೆಯಲ್ಲಿ ನಮಗೆ ದಾರಿ ಬಿಟ್ಟಿದ್ದ. ಹೊಲದ ಕೊನೆಯ ಗೇಟು ದಾಟಿದರೆ ಮತ್ತೆ ಬಂಡೆಯಂಚು. ಅಲ್ಲಿ ಬೇಲಿ ಇಲ್ಲ.

ನೆರಿಸ್ ಟೀಗೆ ಕೈಚಾಚಿದಾಗ ಅವಳ ಹಿಂದೆ ಯಾರೂ ಕಾಣಲಿಲ್ಲ. ನಾಲ್ಕು ನಿಮಿಷವಾದ ಮೇಲೆ ಎಮ್ಲಿನ್ ಬಂದ. "ಶೂನಲ್ಲಿ ಕಲ್ಲು ಸೇರ್ಕೊಂಡಿತ್ತು," ಅಂದ. ನಾನು ಲೋಟ ಕೊಟ್ಟೆ. ಉಳಿದವರು ಆಗಲೇ ನೀರಿನಂಚಿಗೆ ಹೋಗಿ ಹರಟುತ್ತಿದ್ದರು, ಯಾರೂ ಈ ಕಡೆ ನೋಡುತ್ತಿರಲಿಲ್ಲ. ಆ ಸಂಜೆ "ಹಾಕಿದೆ" ಎಂಬ ಕೂಗು ಬರಲಿಲ್ಲ ಎನ್ನುವುದು ನಮಗೆ ಯಾರಿಗೂ ಹೊಳೆಯಲಿಲ್ಲ. ಬಾರದ ಕೂಗನ್ನು ಯಾರು ಗಮನಿಸುತ್ತಾರೆ?

ಬೆಳಿಗ್ಗೆ ಹೆವಿನ್‌ನ ಮೂರು ತಾಯಿಕುರಿಗಳು ಬಂಡೆಯ ಬುಡದಲ್ಲಿ, ಕಡಲಿನ ಸೀಲುಪ್ರಾಣಿಗಳು ಮರಿಹಾಕುವ ಕಲ್ಲುತೀರದಲ್ಲಿ ಸತ್ತುಬಿದ್ದಿದ್ದವು. ನಾಲ್ಕು ಮರಿಗಳು ಮೇಲೆ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಾ ಅರಚುತ್ತಿದ್ದವು. ನಮ್ಮ ಅಡುಗೆಮನೆಯವರೆಗೂ ಕೇಳಿಸಿತು.

ಮುಂದಿನ ಗುರುವಾರ ಹೆವಿನ್ ನೇರ ಕಡಲತೀರಕ್ಕೆ ಬಂದ. ಮಾತು ಕಡಿಮೆಯ ಮನುಷ್ಯ, ಬೂಟಿನ ತುಂಬ ಸಗಣಿ.

"ಹೋದ್ವಾರ ಕೊನೇಲಿ ಇದ್ದೋರು ಯಾರು?"

ಎಲ್ಲರ ಕಣ್ಣೂ ನೆರಿಸಳ ಕಡೆ ತಿರುಗಿತು. ಬೇಕೆಂದು ಮಾಡಿದ್ದಲ್ಲ, ಹನ್ನೊಂದು ವರ್ಷದ ಅಭ್ಯಾಸ. ನೆರಿಸ್ ಮಾತ್ರ ಎಮ್ಲಿನ್‌ನ ಮುಖ ನೋಡಿದಳು. ಅವನು ಲೋಟದೊಳಗೆ ನೋಡುತ್ತಿದ್ದ.

"ನಾನಲ್ಲ," ಅಂದಳು.

"ನೀನಲ್ದೆ ಇನ್ಯಾರು?" ಅಂದ ಹೆವಿನ್. "ನಿನ್ ಹಿಂದೆ ನನ್ ಕುರಿ ಬಿಟ್ರೆ ಇನ್ಯಾರು ಇರ್ತಾರೆ?"

ಒಬ್ಬರು ನಕ್ಕರು, ಹಿಂದೆಯೇ ಹತ್ತು ಮಂದಿ ನಕ್ಕರು. ನೆರಿಸಳ ಕುತ್ತಿಗೆ ಕೆಂಪಗಾಯಿತು. ಅವಳು ಲೋಟವನ್ನು ನನ್ನ ಡಿಕ್ಕಿಯ ಅಂಚಿನಲ್ಲಿಟ್ಟು, ಕೋಟು ತೊಟ್ಟು ಹೋದಳು. ಹೋದ ವಾರ ಅವಳಿಗೆ ಮೊದಲು ಟೀ ಕೊಟ್ಟು, ಆಮೇಲೆ ಅಣ್ಣನಿಗೆ ಕೊಟ್ಟ ಕೈ ನನ್ನದೇ. ಅದನ್ನು ಹೇಳಲು ನನಗೆ ಎರಡು ಮಾತು ಸಾಕಿತ್ತು. ನಾನು ಅವಳ ಲೋಟ ತೊಳೆದೆ.

ಮೂರು ಗುರುವಾರ ನೆರಿಸ್ ಬರಲಿಲ್ಲ. ಎಮ್ಲಿನ್ ಬೆಳಿಗ್ಗೆ ಆರಕ್ಕೇ ಎದ್ದು ಹೆವಿನ್‌ನ ಕೊಟ್ಟಿಗೆಗೆ ಹೋಗತೊಡಗಿದ. ತಾಯಿಯಿಲ್ಲದ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. ಹೆವಿನ್ ಅಂಗಡಿಯಲ್ಲಿ ನನ್ನನ್ನು ನಿಲ್ಲಿಸಿ, "ನಿಮ್ಮಣ್ಣ ಬಂಗಾರ ಕಣೇ ಮೆನ್ನಾ. ಯಾರೋ ಮಾಡಿದ ತಪ್ಪಿಗೆ ಇವನು ಬಂದು ದುಡೀತಾನೆ," ಅಂದ. ನಾನು ತಲೆ ತಗ್ಗಿಸಿ ಆಲೂಗಡ್ಡೆ ಆರಿಸಿದೆ. ಬೇಡದಿದ್ದರೂ ಎರಡು ಕಿಲೋ ಕೊಂಡೆ.

ಆ ರಾತ್ರಿ ಊಟದ ಮೇಜಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಅವತ್ತು ನೆರಿಸ್‌ಗೆ ಟೀ ಕೊಟ್ಟ ಮೇಲೆ ನಿಂಗೆ ಕೊಟ್ಟಿದ್ದು."

ಅವನ ಚಮಚ ಸಾರಿನಲ್ಲೇ ನಿಂತಿತು. "ಗೊತ್ತಿತ್ತಾ ನಿಂಗೆ?"

"ಗೊತ್ತಿದ್ದೂ ಸುಮ್ನಿದ್ದೆ. ನಾನೂ ನಿನ್ನ ತಂಗೀನೇ ಅಲ್ವಾ. ನಾಳೆ ಹೋಗಿ ಮರ್ತೆ ಅಂತ ಹೇಳ್ಬಿಡು. ಅರವತ್ಮೂರು ವರ್ಷ, ಯಾರ್ ಬೇಕಾದ್ರೂ ಮರೀತಾರೆ."

"ಮರ್ತಿಲ್ಲ ಕಣೇ." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಮರ್ತಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. 'ತೆರೆದಿಟ್ಟಿದೀನಿ ಎಮ್ಲಿನ್, ನೀನು ಹಾಕ್ಕೊಂಡ್ ಬಾ' ಅಂತ ಅವಳು ಕೂಗಿ ಹೇಳಿದ್ಲು. ಚಿಲಕದ ಮೇಲೆ ಕೈ ಇಟ್ಟೆ. ಹಿಂದೆ ತಿರುಗಿ ನೋಡ್ದೆ, ಒಂದು ನರಪಿಳ್ಳೆ ಇರ್ಲಿಲ್ಲ. ಹಾಕಿದ್ರೆ ಕೂಗ್ಬೇಕಿತ್ತು, ಮೆನ್ನಾ. ಕೂಗಿದ್ರೆ ಎಲ್ರಿಗೂ ನನ್ ದನಿ ಕೇಳಿಸ್ತಿತ್ತು."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಅವನ ಮುಖ ನೋಡಲಾಗಲಿಲ್ಲ. ಕೊನೆಯವನು ನಾನು ಎಂದು ಕೂಗಬೇಕಾಗುತ್ತದಲ್ಲ ಎಂದು ನಮ್ಮಣ್ಣ ಗೇಟು ತೆರೆದಿಟ್ಟು ಬಂದಿದ್ದ. ನನಗೆ ಸಿಟ್ಟು ಬಂತು, ಅಯ್ಯೋ ಅನಿಸಿತು, ಮತ್ತೆ ಸಿಟ್ಟು ಬಂತು. ಮಾಡಿದ ಸಾರು ಹಾಗೇ ಉಳಿಯಿತು.

ಮರುದಿನ ಇಬ್ಬರೂ ಮೊದಲು ನೆರಿಸಳ ಮನೆಗೆ ಹೋದೆವು. ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಒಳಗೆ ಕರೆಯಲಿಲ್ಲ. ಅವನು ಒಂದೂ ಬಿಡದೆ ಹೇಳಿದ, ಕೂಗಿನ ವಿಷಯವನ್ನೂ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕುರಿ ವಿಷ್ಯ ಹೆವಿನ್‌ಗೆ ಹೇಳು," ಅಂದಳು. "ನನ್ ವಿಷ್ಯ ಕೇಳ್ತೀಯಾ? ನಾನಲ್ಲ ಅಂದಾಗ ಎಲ್ರೂ ನಕ್ರಲ್ಲ, ಆಗ ನೀನೂ ನಕ್ಕೆ, ಎಮ್ಲಿನ್. ನಾನು ನಿನ್ನನ್ನೇ ನೋಡ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಟೀ ಬಗ್ಗಿಸ್ತಿದ್ದೆ."

ಬಾಗಿಲು ಹಾಕಿಕೊಂಡಳು. ಮೆತ್ತಗೆ ಹಾಕಿದಳು, ಅದು ಇನ್ನೂ ಕಷ್ಟವಾಯಿತು.

ಆ ಗುರುವಾರ ಎಲ್ಲರ ಮುಂದೆ, ಹೆವಿನ್‌ನನ್ನೂ ಕರೆಸಿ, ಎಮ್ಲಿನ್ ಹೇಳಿದ. ಈ ಸಲ ಯಾರೂ ನಗಲಿಲ್ಲ. ಹೆವಿನ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ಕುರಿ ಸಾಯ್ತಾವೆ, ಬಿಡು," ಅಂದ. "ಆದ್ರೆ ಮೂರು ವಾರ ನನ್ ಕೊಟ್ಟಿಗೇಲಿ ಕೂತಿದ್ಯಲ್ಲೋ. ನಾನು ನಿಂಗೆ ಥ್ಯಾಂಕ್ಸ್ ಹೇಳ್ತಿದ್ದೆ. ದಿನಾ ಹೇಳ್ತಿದ್ದೆ." ಅಷ್ಟು ಹೇಳಿ ನಡೆದುಬಿಟ್ಟ. ದಾರಿಯನ್ನೇನೂ ಮುಚ್ಚಲಿಲ್ಲ. ಮುಚ್ಚಿದ್ದರೆ ಚೆನ್ನಾಗಿತ್ತು ಎಂದು ಎಮ್ಲಿನ್ ಎಷ್ಟೋ ಸಲ ಅಂದಿದ್ದಾನೆ.

ಸೆಪ್ಟೆಂಬರಿನಲ್ಲಿ ನೆರಿಸ್ ಮತ್ತೆ ಓಡಲು ಬಂದಳು. ಎಲ್ಲರೊಂದಿಗೆ ಮಾತಾಡುತ್ತಾಳೆ, ನನ್ನೊಂದಿಗೂ. ಆದರೆ ಟೀಯನ್ನು ಮನೆಯಿಂದಲೇ ಫ್ಲಾಸ್ಕಿನಲ್ಲಿ ತರುತ್ತಾಳೆ. ನಾನು ಈಗಲೂ ಅವಳ ಹೆಸರಿನಲ್ಲಿ ಒಂದು ಲೋಟ ಇಡುತ್ತೇನೆ, ಮತ್ತೆ ಎತ್ತಿಡುತ್ತೇನೆ. ಅವಳನ್ನು ಯಾರೂ ಗೇಟ್ ಎನ್ನುವುದಿಲ್ಲ. ಆ ಹೆಸರು ಈಗ ನಮ್ಮಣ್ಣನದು, ಅವನು ಇಲ್ಲದಾಗ ಮಾತ್ರ ಅನ್ನುತ್ತಾರೆ.

ಎಮ್ಲಿನ್ ಪ್ರತಿ ವಾರ ಕೊನೆಯಲ್ಲಿ ಓಡುತ್ತಾನೆ. ಹೆವಿನ್‌ನ ಹೊಲದ ತುದಿಯಿಂದ "ಹಾಕಿದೆ!" ಎಂಬ ಅವನ ಕೂಗು ನನ್ನ ಕಾರಿನವರೆಗೂ ಬರುತ್ತದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಅವನು ಬೆವರೊರೆಸಿಕೊಂಡು ಲೋಟ ಹಿಡಿಯುವ ಹೊತ್ತಿಗೆ, ಮೇಲೆ ತನ್ನ ಮನೆಯಂಗಳದಿಂದ ಹೆವಿನ್ ಇಳಿದು ಬರುವುದು ನಮಗೆ ಕಾಣುತ್ತದೆ. ಹೊಲದ ಉದ್ದಕ್ಕೂ ನಿಧಾನವಾಗಿ ನಡೆದು ಬಂದು ಗೇಟಿನ ಚಿಲಕವನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡುತ್ತಾನೆ. ಆಮೇಲೆ ವಾಪಸು ಹೋಗುತ್ತಾನೆ. ಅವನು ಹೋಗುವವರೆಗೂ ನಮ್ಮಣ್ಣ ಟೀ ಕುಡಿಯುವುದಿಲ್ಲ.