ಅಪ್ಪನಿಗೆ ಕಚ್ಚೆ ಉಡಿಸಿದ್ದು

ಆಗೆಲ್ಲ ನಮ್ಮ ಮುಳಬಾಗಿಲು ಕಡೆ ಮದುವೆಗಳು ಮನೆ ಮುಂದಿನ ಚಪ್ಪರದಲ್ಲೇ ಆಗುತ್ತಿದ್ದವು. ಹಸಿ ತೆಂಗಿನ ಗರಿ, ಸಗಣಿ ಸಾರಿಸಿದ ನೆಲ, ದೊಡ್ಡ ಒಲೆಯ ಮೇಲೆ ಕುದಿಯುವ ಹುಳಿ, ಇವುಗಳ ವಾಸನೆ ಬೆರೆತರೆ ಮದುವೆಮನೆ ಎಂದು ಮೂಗಿಗೇ ತಿಳಿಯುತ್ತಿತ್ತು. ಕಚ್ಚೆ ಪಂಚೆ ಉಡಿಸಲು ನೆಂಟರಲ್ಲಿ ಕೈ ಪಳಗಿದ ಒಬ್ಬರು ಇರುತ್ತಿದ್ದರು. ನಮ್ಮಲ್ಲಿ ದೊಡ್ಡಪ್ಪ.

ನನಗೆ ಹತ್ತು ವರ್ಷವಿದ್ದಾಗ ಅಕ್ಕನ ಮದುವೆ ಬಂತು. ಅಣ್ಣ ತಮ್ಮಂದಿರ ಹೊಲಗಳ ನಡುವಿನ ಬದುವಿನ ಹುಣಸೆಮರವನ್ನು ಹೇಳದೆ ಕೇಳದೆ ಅಪ್ಪ ಕಡಿಸಿದ್ದರಿಂದ ಅವರಿಗೂ ದೊಡ್ಡಪ್ಪನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಅಪ್ಪ ಬಸ್ ಕಂಡಕ್ಟರ್, ಖಾಕಿ ಪ್ಯಾಂಟಿನ ಮನುಷ್ಯ. ಅಣ್ಣನನ್ನು ಕೇಳಬಾರದೆಂಬ ಹಟಕ್ಕೆ ವಾರವಿಡೀ ಕೋಣೆಯಲ್ಲಿ ತಾವೇ ಕಚ್ಚೆ ಕಲಿತರು. ಹೊಸ ಪಂಚೆಯ ಮಡಿಕೆ ಕೆಡಬಾರದೆಂದು ಅಮ್ಮನ ಹಳೇ ಸೀರೆಯಲ್ಲಿ. ಸೆರಗು ಹಿಡಿದು ನಿಲ್ಲುವುದು ನನ್ನ ಕೆಲಸ. ಸೀರೆ ಹನ್ನೊಂದು ಮೊಳ, ಪಂಚೆ ಎಂಟೇ ಮೊಳ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಮದುವೆಯ ದಿನ, ಧಾರೆಗೆ ಅರ್ಧ ಗಂಟೆ ಇರುವಾಗ, ಅಪ್ಪ ಕಲಿತಷ್ಟೇ ನಿರಿಗೆ ಹಿಡಿದರು. ಹಿಂದೆ ಸಿಕ್ಕಿಸಬೇಕಾದ ತುದಿ ಸೊಂಟಕ್ಕೆ ಬರಲೇ ಇಲ್ಲ. ಬಿಚ್ಚಿದರು, ಉಟ್ಟರು, ಮತ್ತೆ ಬಿಚ್ಚಿದರು. ಹೊರಗೆ ಪುರೋಹಿತರು ಹೆಣ್ಣಿನ ತಂದೆಯನ್ನು ಕೂಗುತ್ತಿದ್ದರು.

ಅಮ್ಮ ಬಾಗಿಲಿಗೆ ಬಂದಳು. “ಕಚ್ಚೆ ಇಲ್ದೆ ಧಾರೆಗೆ ಕೂರಂಗಿಲ್ವಂತೆ. ನಿಮ್ಮ ಬದಲು ನಮ್ಮಣ್ಣ ಧಾರೆ ಎರೀಲಾ?”

ಅಪ್ಪ ಪಂಚೆಯ ತುದಿಯನ್ನು ಇನ್ನೊಮ್ಮೆ ಹಿಂದಕ್ಕೆಳೆದು ನೋಡಿದರು. ಅಮ್ಮ ನನ್ನ ಬೆನ್ನು ತಳ್ಳಿದಳು. “ಹೋಗೇ, ದೊಡ್ಡಪ್ಪನ್ನ ಕರ್ಕೊಂಡ್ ಬಾ.”

ದೊಡ್ಡಪ್ಪ ಚಪ್ಪರದ ಕೊನೆಯಲ್ಲಿ ಹೊರಗಿನವರಂತೆ ಕೂತಿದ್ದರು.

“ಕರೆದಿದ್ದು ನಿಮ್ಮಪ್ಪನಾ, ನಿಮ್ಮಮ್ಮನಾ?”

“ಅಪ್ಪಾನೇ,” ಎಂದು ಸುಳ್ಳು ಹೇಳಿದೆ. ಎದ್ದರು.

ಕೋಣೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾತೆಲ್ಲ ನನ್ನ ಕಡೆಗೆ.

“ನಿಮ್ಮಪ್ಪನಿಗೆ ಹೇಳಮ್ಮಾ, ಹೊಟ್ಟೆ ಒಳಕ್ಕೆ ಎಳ್ಕೊಳ್ಲಿ.”

“ಎಳ್ಕೊಂಡೇ ಇದ್ದೀನಿ ಅಂತ ಹೇಳು ನಿಮ್ಮ ದೊಡ್ಡಪ್ಪನಿಗೆ.”

“ಇದಾ ಎಳ್ಕೊಂಡಿರೋದು? ರಶ್ಶಿರೋ ಬಸ್ಸಲ್ಲಿ ಹೆಂಗೆ ನುಗ್ತಾನೆ ಕೇಳು!”

ನಾನು ಕೇಳುವ ಮೊದಲೇ ಅಪ್ಪ ನಕ್ಕುಬಿಟ್ಟರು. ಹೊಟ್ಟೆ ಕುಣಿದು, ಹಿಡಿದ ನಿರಿಗೆಯೆಲ್ಲ ಜಾರಿತು.

“ಥೂ, ರೇಯ್! ನೆಟ್ಟಗೆ ನಿಂತ್ಕೊಳ್ಳೋ!”

“ಹೂಂ ಅಣ್ಣ.”

ಎರಡು ವರ್ಷದ ಮೇಲಿನ ಮೊದಲ ಮಾತು ಅದು. ಕೊನೆಗೆ ಮುಂದಿನ ನಿರಿಗೆ ಸಮ ಮಾಡಲು ದೊಡ್ಡಪ್ಪ ಕೆಳಗೆ ಕೂತಾಗ ಅಪ್ಪ ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡರು. ದೊಡ್ಡಪ್ಪ ಕಾಲಿನ ಮೇಲೊಂದು ಏಟು ಹಾಕಿ ಮುಂದಕ್ಕೆಳೆದರು. ಅಪ್ಪನೇ ಧಾರೆ ಎರೆದರು. ಮರದ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮೊನ್ನೆ ಮಾಲೂರಿನ ಛತ್ರದಲ್ಲಿ ನನ್ನ ಮಗಳ ಮದುವೆಯಾಯಿತು. ಈಗ ನಿರಿಗೆ ಹೊಲಿದು ವೆಲ್ಕ್ರೋ ಹಚ್ಚಿದ ಪಂಚೆ ಸಿಗುತ್ತದೆ, ಮೊಬೈಲಿಗೆ ಜೇಬೂ ಇರುತ್ತದೆ. ನಮ್ಮ ಯಜಮಾನರು ರೂಮಿನ ಚಿಲಕ ಹಾಕಿಕೊಂಡು ಎರಡೇ ನಿಮಿಷದಲ್ಲಿ ಉಟ್ಟು ಬಂದರು. ಕಚ್ಚೆ ಚೆನ್ನಾಗಿಯೇ ಕೂತಿತ್ತು. ಅವರೊಂದಿಗೆ ಮಾತು ಬಿಟ್ಟಿರುವ ನನ್ನ ಮೈದುನನೂ ಬಂದಿದ್ದ. ಎರಡನೇ ಪಂಕ್ತಿಯಲ್ಲಿ ಉಂಡು, ಉಡುಗೊರೆ ನನ್ನ ಕೈಗಿಟ್ಟು, “ಬರ್ತೀನಿ ಅತ್ತಿಗೆ” ಎಂದು ಹೋದ.