ಪೂಜೆಯಿಲ್ಲದ ವೇಣುಗೋಪಾಲ

ನಾನು ನಿವೃತ್ತನಾಗುವುದಕ್ಕೆ ಮುಂಚಿನ ವರ್ಷ, ಕಾರ್ತಿಕ ಮಾಸ. ಶ್ರೀರಂಗಪಟ್ಟಣದಲ್ಲಿ ಪುರಾತತ್ವ ಇಲಾಖೆಯ ಕನ್ಸರ್ವೇಷನ್ ಅಸಿಸ್ಟೆಂಟ್ ಆಗಿದ್ದೆ. ಹೆಸರು ದೊಡ್ಡದು; ಕೆಲಸವೆಂದರೆ ಹಳೆಯ ಶಿಲ್ಪಗಳ ಆರೋಗ್ಯ ವಿಚಾರಿಸಿಕೊಂಡು ಊರೂರು ಅಲೆಯುವುದು. ಮನೆಯವರ ಆರೋಗ್ಯ ಯಾವತ್ತಾದರೂ ಇಷ್ಟು ವಿಚಾರಿಸಿದ್ದೀರಾ ಎಂದು ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ.

ಆ ಸಲ ಕರೆ ಬಂದದ್ದು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಿಂದ ಆಚೆಗಿರುವ ಒಂದು ಹಳ್ಳಿಯಿಂದ. ಗೌಡರ ಮನೆಯೊಂದರ ತೋಟದಲ್ಲಿ ವಿಗ್ರಹ ವಾಲಿದೆ, ಬಂದು ನೋಡಿ ಎಂದಿದ್ದರು. ನಾನು ಹೋದಾಗ ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಬೇಲಿಯ ಬಾಗಿಲು ಸರಿಸಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಪಾರಿಜಾತದಡಿ ಮೂಗಿಲ್ಲದ ಸರಸ್ವತಿ, ದೇವಕಣಗಿಲೆಯ ಕೆಳಗೆ ಸೊಂಡಿಲು ಮುರಿದ ಗಣಪತಿ, ಇನ್ನೂ ಒಳಗೆ, ಮಂಜಿನಲ್ಲಿ ಅರ್ಧ ಕಂಡು ಅರ್ಧ ಕಾಣದೆ, ತಲೆಯಿಲ್ಲದ ಚಾಮರಧಾರಿಣಿಯರು. ಎಲ್ಲರ ಮೈಮೇಲೂ ಹೂ. ಯಾರೋ ಅಲಂಕಾರ ಮುಗಿಸಿ ಆಗತಾನೆ ಎದ್ದುಹೋದ ಹಾಗಿತ್ತು. ನಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದು ಒಂದು ಕ್ಷಣ ಅನುಮಾನವೇ ಬಂತು.

“ಯಾರೂ ಮುಡಿಸಿಲ್ಲ ಸ್ವಾಮಿ, ಅದಾಗೇ ಬಿದ್ದಿರೋ ಊವ” ಎಂದರು ಮನೆಯ ಹಿರಿಯರಾದ ಪುಟ್ಟತಾಯಮ್ಮ.

ಕಥೆಯನ್ನೂ ಅವರೇ ಹೇಳಿದರು. ಭಿನ್ನವಾದ, ಅಂದರೆ ಮುಕ್ಕಾದ ವಿಗ್ರಹಕ್ಕೆ ಪೂಜೆಯಿಲ್ಲ. ನೀರಿಗೆ ಬಿಡುವುದು ವಾಡಿಕೆ. ಅವರ ಗಂಡನ ಮುತ್ತಾತನಿಗೆ ಇದನ್ನು ಕಂಡು ಕರುಳು ಚುರುಕ್ಕೆನ್ನುತ್ತಿತ್ತಂತೆ. ಸುತ್ತಿನ ಪಾಳು ಗುಡಿಗಳಿಂದ ಹೊಳೆಗೆ ಹೊರಟ ದೇವರನ್ನೆಲ್ಲ ಎತ್ತಿನ ಗಾಡಿಯಲ್ಲಿ ಮನೆಗೆ ತಂದರು. ಊರ ಹಿರಿಯರು ಒಂದು ಕಟ್ಟಳೆ ಹಾಕಿ ಒಪ್ಪಿದರು: ಯಾವುದಕ್ಕೂ ಪೂಜೆ ಕೂಡದು, ಹೂ ಮುಡಿಸಕೂಡದು. ತಪ್ಪಿದರೆ ಆ ವಿಗ್ರಹ ಹೊಳೆಗೆ. ಮುತ್ತಾತ ತಲೆಯಾಡಿಸಿ ಬಂದು, ಒಂದೊಂದು ವಿಗ್ರಹದ ಪಕ್ಕದಲ್ಲೂ ಒಂದೊಂದು ಹೂಮರ ನೆಟ್ಟರು. ತಾನಾಗಿ ಬೀಳುವ ಹೂವನ್ನು ಯಾರು ತಡೆಯುತ್ತಾರೆ? ಆ ಪುಣ್ಯಾತ್ಮನ ಮೇಲೆ ನನಗೆ ಆಗಲೇ ಪ್ರೀತಿ ಹುಟ್ಟಿತು.

ವಾಲಿದ್ದವನು ವೇಣುಗೋಪಾಲ. ಮಣಿಕಟ್ಟಿನಿಂದಾಚೆ ಕೈಗಳಿಲ್ಲ, ಕೊಳಲಿಲ್ಲ. ತುಟಿ ಮಾತ್ರ ಇನ್ನೂ ಊದುವ ಹಾಗೇ ಇತ್ತು. ಆಕಾಶಮಲ್ಲಿಗೆಯ ಬೇರು ಪೀಠವನ್ನು ಎತ್ತಿಹಾಕಿತ್ತು. ಮರ ಕಡಿಯಲು ನನಗೆ ಮನಸ್ಸಾಗಲಿಲ್ಲ. ವಿಗ್ರಹವನ್ನೇ ಎತ್ತಿ ಅದೇ ನೆರಳಿನಲ್ಲಿ ಸ್ವಲ್ಪ ಆಚೆ ಕೂರಿಸುವುದೆಂದು ಗೊತ್ತುಮಾಡಿದೆ.

“ಉಸಾರು ಸ್ವಾಮಿ” ಎಂದರು ಪುಟ್ಟತಾಯಮ್ಮ. “ಮದ್ವೆಯಾಗಿ ಬಂದಾಗ್ಲಿಂದ ನನ್ನ ಕಷ್ಟಸುಕ ಎಲ್ಲಾ ಇವನತ್ರನೇ ಯೋಳ್ಕೊಂಡಿರದು.”

ಮುಂದಿನ ವಾರ ಗಂಜಾಂನಿಂದ ಮೇಸ್ತ್ರಿ ಜವರಪ್ಪ ಆಳುಗಳನ್ನು ಕರೆದುಕೊಂಡು ಬಂದ. ಕಬ್ಬಿಣದ ಮೂರು ಕಾಲಿನ ಚೌಕಟ್ಟು ನಿಲ್ಲಿಸಿ, ಭಾರ ಎತ್ತುವ ಚೈನ್ ಬ್ಲಾಕ್ ತೂಗುಹಾಕಿದ. ಬೇಲಿಯಾಚೆ ಊರಿನವರು ನೋಡಲು ನೆರೆದಿದ್ದರು. ನಾನು ಬೇರು ಪರೀಕ್ಷಿಸುತ್ತಿದ್ದವನು ತಲೆಯೆತ್ತಿದರೆ, ಜವರಪ್ಪ ವೇಣುಗೋಪಾಲನ ಕೊರಳಿಗೆ ಚೆಂಡುಹೂವಿನ ಹಾರ ಹಾಕುತ್ತಿದ್ದಾನೆ! ದೇವರನ್ನು ಎತ್ತುವ ಮುಂಚೆ ಹಾರ ಹಾಕುವುದು ಅವರ ಕಸುಬಿನ ರೂಢಿ. ಈ ತೋಟದ ಕಟ್ಟಳೆಯನ್ನು ಅವನಿಗೆ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ಪೂಜೆ ಆಗೋಯ್ತಲ್ಲ. ಇನ್ನು ಒಳೆಗೇ ತಾನೇ?” ಎಂದ ಬೇಲಿಯಾಚೆಯ ಮುದುಕನೊಬ್ಬ.

ಕಾಫಿ ತಂದಿದ್ದ ಪುಟ್ಟತಾಯಮ್ಮ ತಟ್ಟೆಯನ್ನು ಕೆಳಗಿಟ್ಟರು.

“ಮೇಸ್ತ್ರಿ, ಆ ಊವಿನ ಆರವ ನೀನು ಚೈನಿಗೆ ಕಟ್ಟಿದ್ದೆ ಅಲ್ವಾ. ಗಾಳಿಗೆ ಬಿತ್ತೇನಪ್ಪಾ?” ಎಂದರು. ತೋಟದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

ಜವರಪ್ಪ ಪ್ರಾಮಾಣಿಕ. “ಇಲ್ಲ ಕಣವ್ವಾ, ನಾನೇ ಆಕ್ದೆ.”

“ಗಾಳಿಗೆ ಬಿತ್ತಾ ಅಂತ ಕೇಳ್ತಾವ್ನಿ ಕಣಪ್ಪಾ.”

ಕೇಳಿದ್ದು ಅವನನ್ನು, ಕಣ್ಣಿದ್ದದ್ದು ನನ್ನ ಮೇಲೆ. ಸರ್ಕಾರಿ ಮನುಷ್ಯನ ಮಾತಿಗೆ ಊರಿನಲ್ಲಿ ಬೆಲೆಯಿತ್ತು.

“ಗಾಳಿಗೇ ಬಿತ್ತು ಜವರಪ್ಪ. ನಾನೇ ನೋಡಿದೆ” ಎಂದೆ.

ಏನೋ ಹೇಳಲು ಬಾಯಿ ತೆರೆದ ಜವರಪ್ಪ, ನನ್ನ ಮುಖ ನೋಡಿ ಸುಧಾರಿಸಿಕೊಂಡ. “ಊಂ ಕಣವ್ವಾ, ಗಾಳಿ ಜೋರಾಗೈತೆ.”

ಬೇಲಿಯಾಚೆಯ ಮುದುಕ ಮರವನ್ನು ನೋಡಿದ, ಪುಟ್ಟತಾಯಮ್ಮನನ್ನು ನೋಡಿದ. ಆಮೇಲೆ ಟವೆಲ್ಲನ್ನು ಹೆಗಲ ಸುತ್ತ ಬಿಗಿಯಾಗಿ ಹೊದ್ದುಕೊಂಡು, “ಚಳಿಗಾಳಿ ಕಣ್ರಪ್ಪಾ” ಎಂದ.

ಮಧ್ಯಾಹ್ನದ ಹೊತ್ತಿಗೆ ವೇಣುಗೋಪಾಲ ಹೊಸ ಜಾಗದಲ್ಲಿ ನೆಟ್ಟಗೆ ನಿಂತ. ಕಲ್ಲನ್ನು ಕಾಪಾಡುವವರು ನಾವು ಎಂದು ಸರ್ವೀಸಿನುದ್ದಕ್ಕೂ ನಂಬಿದ್ದೆ. ನಿಜವಾಗಿ ಕಾಪಾಡುವವರು ಅದನ್ನು ಪ್ರೀತಿಸುವವರು; ಅವರ ಬೆನ್ನಿಗೆ ನಿಲ್ಲುವುದಷ್ಟೇ ನಮ್ಮ ನೌಕರಿ ಎಂದು ಅವತ್ತು ಅರಿವಾಯಿತು.

ಹೊರಡುವ ಮುಂಚೆ ಜವರಪ್ಪ ಅಳುಕುತ್ತಲೇ ಕೇಳಿದ: “ಅವ್ವಾ, ಆ ಆರ ತಗುದ್ಬುಡ್ಲಾ?”

“ಬಿದ್ದಿದ್ದ ತಗಿಯಂಗಿಲ್ಲ ಕಣಪ್ಪಾ” ಎಂದರು ಪುಟ್ಟತಾಯಮ್ಮ. ಹಾರ ತೊಟ್ಟ ವೇಣುಗೋಪಾಲನನ್ನು ಅವರು ಎಂದೂ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮುಂದೆ ತಂದರೆ ಎಲ್ಲಿ ಮುಗಿದುಬಿಡುತ್ತೇನೋ, ಅದೂ ಪೂಜೆಯಾದೀತೋ ಎಂದು, ಕೈಗಳೆರಡನ್ನೂ ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು.