ಅಪ್ಪನ ಕೈಗೆ ಬಾಳೆಯ ಕೋಲು

ನಾನು ಚಿಕ್ಕವಳಿದ್ದಾಗ ಕಮಲಾಪುರದಲ್ಲಿ ನಮ್ಮ ಮನೆಗೂ ಮಸೀದಿಗೂ ನಡುವೆ ಒಂದೇ ಗೋಡೆಯಿತ್ತು. ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಅಪ್ಪ ಆ ಮಸೀದಿಯ ಇಮಾಮ. ಶುಕ್ರವಾರ ಮಧ್ಯಾಹ್ನ ಅವನು ಮಿಂಬರ್ ಎಂಬ ಮೆಟ್ಟಿಲಿನ ಪೀಠವನ್ನು ಹತ್ತಿ ನಮಾಜಿಗೆ ಬಂದವರಿಗೆ ನಾಲ್ಕು ಮಾತು ಹೇಳುವಾಗ ಅವ್ವ, ಅಕ್ಕ, ನಾನು ಕಿಟಕಿಗೆ ಕಿವಿ ಹಚ್ಚಿ ಕೂರುತ್ತಿದ್ದೆವು. ಆ ಕಡೆಯಿಂದ ಅತ್ತರಿನ ವಾಸನೆ, ಈ ಕಡೆಯಿಂದ ಅವ್ವ ಒಲೆಯ ಮೇಲಿಟ್ಟ ಬೇಳೆಯ ವಾಸನೆ. ಇಂದಿಗೂ ನನಗೆ ಶುಕ್ರವಾರವೆಂದರೆ ಅದೇ.

ಬಾಜು ಮನೆಯಲ್ಲಿ ನಾವು ಕಾಕಾ ಎಂದು ಕರೆಯುತ್ತಿದ್ದ ರೈತನಿದ್ದ. ನಾವು ಯಾ ಅಲ್ಲಾ ಎಂದು ಕೂತರೆ ಅವನು ಶಿವ ಶಿವ ಎಂದು ಏಳುವವನು. ಕೆಂಪು ಬಾಳೆ ಬೆಳೆಯುತ್ತಿದ್ದ. ನಮ್ಮ ಹಿತ್ತಲಿನಲ್ಲೂ ಒಂದು ಗಿಡ ನೆಟ್ಟು, ಗೊನೆಯ ಭಾರಕ್ಕೆ ಅದು ಬಾಗದಂತೆ ಕವಲಿದ್ದ ಜಾಲಿ ಕೋಲನ್ನು ಆಸರೆಗೆ ನಿಲ್ಲಿಸಿದ್ದ. ಹಣ್ಣಾದರೆ ಅರ್ಧ ನಿಮಗೆ, ಅರ್ಧ ನಮಗೆ ಎಂಬುದು ಕರಾರು. ಆ ಗೊನೆಯನ್ನು ಕಾಯುವುದು, ಮುಟ್ಟಿ ಮುಟ್ಟಿ ನೋಡುವುದು ನನ್ನ ಕೆಲಸ.

ಆಗ ನಮ್ಮದು ಹೈದರಾಬಾದ್ ಸಂಸ್ಥಾನ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಸಂಸ್ಥಾನ ಇನ್ನೂ ಭಾರತಕ್ಕೆ ಸೇರಿರಲಿಲ್ಲ. ಸೇರಲೇಬೇಕು ಎನ್ನುವವರ ಜೊತೆ ಕಾಕಾನ ಮಗ ಹೊರಟುಹೋಗಿದ್ದ. ಸೇರಕೂಡದು ಎನ್ನುವ ಬಂದೂಕಿನವರು ಖಾಕಿ ತೊಟ್ಟು ಊರೂರು ತಿರುಗುತ್ತಿದ್ದರು. ಹೈದರಾಬಾದಿನ ಗದ್ದುಗೆ ಕಾಯುವುದೇ ದೀನ್, ಅದೇ ನಮ್ಮ ಧರ್ಮ, ಮುಸಲ್ಮಾನರೆಲ್ಲ ಒಂದಾಗಿ ಎಂದು ಅವರು ಹೇಳುತ್ತಿದ್ದರು.

ಒಂದು ಶುಕ್ರವಾರ ಬೆಳಗ್ಗೆ ಗುಲ್ಬರ್ಗಾ ಕಡೆಯಿಂದ ಅವರ ಲಾರಿ ಬಂತು. ಕಲಬುರಗಿಗೆ ನಾವು ಆಗ ಹಾಗೇ ಎನ್ನುತ್ತಿದ್ದೆವು. ಮಗ ಆ ಕಡೆ ಸೇರಿದ್ದಕ್ಕೆ ಕಾಕಾನ ಮನೆ ಸುಡುವುದು ಧರ್ಮದ ಕೆಲಸವೆಂದು ಈ ಹೊತ್ತು ಮಿಂಬರಿನ ಮೇಲಿಂದ ಸಾರಬೇಕು ಎಂದು ಅಪ್ಪನಿಗೆ ಅಪ್ಪಣೆ ಮಾಡಿದರು. ಅಪ್ಪನ ಮಾತನ್ನು ಊರಿನ ಹುಡುಗರು ಮೀರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮಾತಾಡುವಾಗ ಕೈಯಲ್ಲಿ ಕೋಲು ಹಿಡಿಯುವುದು ನಮ್ಮ ಮಸೀದಿಯ ಪದ್ಧತಿ. ಅಜ್ಜನ ಕಾಲದ ಆ ಕೋಲನ್ನು ಅವರು ಎತ್ತಿಕೊಂಡು, ಅದರ ಜಾಗದಲ್ಲಿ ಒಂದು ತಲವಾರ್ ಒರಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಸುದ್ದಿ ಮುಟ್ಟಿಸಲು ಅವ್ವ ಅಕ್ಕನನ್ನು ಹಿತ್ತಲಿನಿಂದ ಕಾಕಾನ ಮನೆಗೆ ಓಡಿಸಿದಳು. ಕಾಕಾ ಎಲ್ಲವನ್ನೂ ಕೇಳಿ, ನನ್ನ ಮನೆ ಬಿಟ್ಟು ನಾನೇಕೆ ಹೋಗಲಿ ಎಂದು ಅಂಗಳದಲ್ಲೇ ಕೂತನಂತೆ.

ಮಧ್ಯಾಹ್ನ ಮಸೀದಿ ತುಂಬಿತು. ಖಾಕಿಯವರು ಬಾಗಿಲಲ್ಲಿ ನಿಂತಿದ್ದರು. ಅಪ್ಪ ಮಿಂಬರ್ ಹತ್ತಿದ. ತಲವಾರನ್ನು ಮುಟ್ಟಲಿಲ್ಲ, ಮಾತನ್ನೂ ಶುರುಮಾಡಲಿಲ್ಲ.

"ನನ್ನ ಕೋಲು ಎಲ್ಲದ?" ಎಂದ.

ಬಾಗಿಲಲ್ಲಿದ್ದವನೊಬ್ಬ ತಲವಾರ್ ಹಿಡಿಯಿರಿ ಎಂದು ಗದರಿಸಿದ.

"ಇದು ಅಲ್ಲಾನ ಮನಿ ಅದ, ಫೌಜಿನ ಚೌಕಿ ಅಲ್ಲ," ಎಂದು ಅಪ್ಪ ಬರಿಗೈಯಲ್ಲೇ ನಿಂತ.

ನನಗೆ ಇನ್ನು ಕೂರಲಾಗಲಿಲ್ಲ. ಹಿತ್ತಲಿಗೆ ಓಡಿ ಬಾಳೆಯ ಆಸರೆ ಕೋಲನ್ನು ಕಿತ್ತೆ. ಹಿಂದೆ ಗಿಡ ಗೊನೆ ಸಮೇತ ಧೊಪ್ಪನೆ ಬಿತ್ತು. ತಿರುಗಿ ನೋಡದೆ ಬಂದು ಕೋಲನ್ನು ಕಿಟಕಿಯಲ್ಲಿ ತೂರಿಸಿದೆ. ಅವ್ವ ತಡೆಯಲಿಲ್ಲ, ತಾನೂ ಹಿಂದಿನಿಂದ ತಳ್ಳಿದಳು. ಮಣ್ಣು ಮೆತ್ತಿದ ಆ ಕೋಲನ್ನು ಅಪ್ಪ ಮಿಂಬರಿನಿಂದಲೇ ಕೈಚಾಚಿ ಹಿಡಿದುಕೊಂಡ.

"ದೀನ್ ಅಲ್ಲಾಂದು, ಗದ್ದುಗಿ ಮಂದೀದು," ಎಂದ. "ಗದ್ದುಗಿ ಮ್ಯಾಲ ಇವತ್ತು ಒಬ್ಬ ಕುಂದರ್ತಾನ, ನಾಳಿ ಇನ್ನೊಬ್ಬ. ಅದರ ಸಲುವಾಗಿ ಪಡೋಸಿ ಮನಿ ಸುಡು ಅಂತ ನಮ್ಮ ದೀನ್ ಹೇಳಂಗಿಲ್ಲ. ಒಂದಾಗ್ರಿ ಅಂತಾರ. ಆಗೋಣು, ಬೆಂಕಿ ಆರಸಾಕ. ಕಾಕಾನ ಮನಿ ಸುಡೋರಿದ್ರ ಮೊದಲು ನನ್ನ ಮನಿ ಸುಡ್ರಿ. ದಾರಿಯಾಗೇ ಅದ."

ಮಾತು ಮುಗಿಯುವಷ್ಟರಲ್ಲಿ ಖಾಕಿಯವನೊಬ್ಬ ನುಗ್ಗಿ ಬಂದೂಕಿನ ಹಿಡಿಯಿಂದ ಅಪ್ಪನ ಹಣೆಗೆ ಹೊಡೆದ. ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಅಪ್ಪ ಕೋಲು ಬಿಡಲಿಲ್ಲ. ಕೂತಿದ್ದ ಮುದುಕರು ಎದ್ದು ಅಪ್ಪನಿಗೆ ಅಡ್ಡ ನಿಂತರು. ಅವರ ಹಿಂದೆ ಹುಡುಗರೂ ಎದ್ದರು. ಅಷ್ಟು ಜನರ ಮುಖ ನೋಡಿ ಬಂದೂಕಿನವರು ತಲವಾರ್ ಎತ್ತಿಕೊಂಡು, ಮತ್ತೆ ಬರುತ್ತೇವೆಂದು ಹೆದರಿಸಿ ಲಾರಿ ಹತ್ತಿದರು. ಕಾಕಾನ ಮನೆ ಉಳಿಯಿತು.

ಸಂಜೆ ಕಾಕಾ ಅಪ್ಪನ ಗಾಯಕ್ಕೆ ಅರಿಶಿನ ಹಚ್ಚಲು ಬಂದ. ಹಿತ್ತಲಲ್ಲಿ ಬಿದ್ದ ಗಿಡ ಕಂಡು, "ಇನ್ನ ಎಂಟು ದಿನ ತಡದಿದ್ರ ಗೊನಿ ಬಲೀತಿತ್ತಲ್ಲ ಹುಡುಗಿ," ಎಂದು ನನ್ನನ್ನು ಗದರಿಸುತ್ತಲೇ ಅತ್ತುಬಿಟ್ಟ.

ಕೆಲವೇ ದಿನಗಳಲ್ಲಿ ಭಾರತದ ಸೈನ್ಯ ಬಂತು. ನೀವು ಪೊಲೀಸ್ ಕಾರ್ಯಾಚರಣೆ ಎಂದು ಓದುತ್ತೀರಲ್ಲ, ಅದೇ. ಖಾಕಿಯವರು ದಿಕ್ಕಾಪಾಲಾದರು. ಆದರೆ ಅವರು ಮಾಡಿದ್ದಕ್ಕೆ ನಮ್ಮ ಮೇಲೆ ಸೇಡು ತೀರಿಸಲು ಬೇರೆ ಮಂದಿ ಎದ್ದರು. ಸಂತೆಗೆ ಹೋದ ನನ್ನ ಸೋದರಮಾವ ಮನೆಗೆ ಮರಳಲೇ ಇಲ್ಲ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಆ ಮಂದಿ ನಮ್ಮ ಬಾಗಿಲಿಗೂ ಬಂದು ನಿಮ್ಮ ದೇಶಕ್ಕೆ ಹೋಗಿ ಎಂದು ಕೂಗಿದರು. ಕಾಕಾ ಆಗಲೇ ಬಂದು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಅಪ್ಪ ಹಣೆಗೆ ಪಟ್ಟಿ ಕಟ್ಟಿಕೊಂಡು, ಅದೇ ಕೋಲು ಹಿಡಿದು ಹೊರಗೆ ಬಂದ.

"ನನ್ನ ದೇಶದಾಗೇ ನಿಂತೀನಿ," ಎಂದ. "ನೀವು ನಿಂತದ್ದು ನನ್ನ ಅಂಗಳ."

ಕಾಕಾನನ್ನು ದಾಟಿ ಒಳಗೆ ಬರಲು ಯಾರಿಗೂ ಧೈರ್ಯವಾಗಲಿಲ್ಲ.

ಈಗ ನಾವು ಕಲಬುರಗಿಯ ಸೇಡಂ ರಸ್ತೆಯಲ್ಲಿ ಮೂರನೇ ಮಹಡಿಯ ಮನೆಯಲ್ಲಿದ್ದೇವೆ. ಮೊಮ್ಮಕ್ಕಳೇ, ನಿಮಗೆ ಹಿತ್ತಲಿಲ್ಲ, ಗೋಡೆಯ ಕಿಟಕಿಯಿಲ್ಲ. ಕೆಂಪು ಬಾಳೆ ಮಾರುಕಟ್ಟೆಯಿಂದ ಚೀಲದಲ್ಲಿ ಬರುತ್ತದೆ. ಬಂದೂಕಿನವರ ಲಾರಿಯೂ ಬರುವುದಿಲ್ಲ, ಆದರೆ ಅವರ ಮಾತು ನಿಮ್ಮ ಫೋನಿಗೆ ಬರುತ್ತದೆ. ಬೇರೆಯವರ ಮನೆಯಲ್ಲಿ ಉಣ್ಣಬೇಡಿ, ನಮ್ಮವರೇ ಒಂದಾಗಿ ಎನ್ನುತ್ತದೆ. ಅದನ್ನು ಅಳಿಸಿಹಾಕಿ. ಕೆಳಗಿನ ಮನೆಯವರು ಹೋಳಿಗೆ ಕೊಟ್ಟರೆ ಎರಡು ಕೇಳಿ ತಿನ್ನಿ.

ಮತ್ತೆ ನೀನು, ನನ್ನ ಚಿಕ್ಕ ಮೊಮ್ಮಗಳೇ, ಶಾಲೆಯಲ್ಲಿ ಯಾರೋ ಹುಡುಗ ನಿನ್ನದು ಯಾವ ದೇಶ ಎಂದು ಕೇಳಿದನೆಂದು ಊಟ ಬಿಟ್ಟು ಮಲಗಿದ್ದೀಯಲ್ಲ, ಏಳು. ಆ ಹುಡುಗ ನಾಳೆ ಮತ್ತೆ ಕೇಳಿದರೆ ನಿನ್ನ ಮುತ್ತಜ್ಜ ಹೇಳಿದ್ದನ್ನೇ ಹೇಳು, ತಲೆ ಎತ್ತಿ ಹೇಳು. ಡಬ್ಬಿಯಲ್ಲಿ ಒಂದು ಕೆಂಪು ಬಾಳೆಹಣ್ಣು ಇಟ್ಟುಕೊಡುತ್ತೇನೆ. ಅವನಿಗೆ ಹಣ್ಣು ಅರ್ಧ ಕೊಡು, ಉತ್ತರ ಮಾತ್ರ ಪೂರಾ ಕೊಡು.